ಒಂದು ಲಕ್ಷ ಮನೆ, ಊರಾಚೆಯ ನೆಲ

ವರ್ಷಕ್ಕೆ 87,600 ರೂಪಾಯಿ. ಬೆಂಗಳೂರಿನ ಬಡವರಿಗೆ ಒಂದು ಲಕ್ಷ ಮನೆ ಕಟ್ಟಿಕೊಡಲು 2017ರಲ್ಲಿ ರಾಜ್ಯ ಸರ್ಕಾರ ಹೊರಟಾಗ, ಅರ್ಜಿ ಹಾಕುವ ಕುಟುಂಬದ ಆದಾಯ ಇದನ್ನು ಮೀರುವಂತಿರಲಿಲ್ಲ. 365 ದಿನಕ್ಕೆ ಹಂಚಿದರೆ ದಿನಕ್ಕೆ ಸರಿಯಾಗಿ 240 ರೂಪಾಯಿ. ಗಂಡ ಗಾರೆ ಕೆಲಸಕ್ಕೆ, ಹೆಂಡತಿ ನಾಲ್ಕು ಮನೆಯ ಪಾತ್ರೆ ತಿಕ್ಕಲು ಹೋಗುವ ಸಂಸಾರದಲ್ಲಿ ಗಂಡನೊಬ್ಬನ ದಿನಗೂಲಿಯೇ ಆಗ ಇದಕ್ಕಿಂತ ಹೆಚ್ಚಿತ್ತು. ಹಾಗೆಂದು ಆ ಸಂಸಾರ ಸುಖವಾಗಿತ್ತು ಎಂದಲ್ಲ. ಮಳೆ ಬಂದ ದಿನ ಕೆಲಸವಿಲ್ಲ, ಮಗುವಿಗೆ ಜ್ವರ ಬಂದ ದಿನ ಹೆಂಡತಿಗೆ ಸಂಬಳವಿಲ್ಲ. ಆದರೂ ಕಾಗದದ ಮೇಲೆ ಅವರು 'ಬಡವರಲ್ಲ'. ನಿಜವಾಗಿಯೂ 240 ರೂಪಾಯಿಯಲ್ಲಿ ಬದುಕುತ್ತಿದ್ದ ಒಂಟಿ ಹೆಂಗಸೋ ಮುದುಕರೋ ಅರ್ಜಿ ಹಾಕಬಹುದಿತ್ತು. ಅವರಿಗೆ ಮನೆಯ ಕಂತು ಕಟ್ಟುವ ಶಕ್ತಿ ಇರಲಿಲ್ಲ. ಅರ್ಹತೆ ಇದ್ದವರ ಕೈಯಲ್ಲಿ ದುಡ್ಡಿಲ್ಲ, ಅಷ್ಟಿಷ್ಟು ದುಡ್ಡು ಹೊಂದಿಸಬಲ್ಲವರಿಗೆ ಅರ್ಹತೆ ಇಲ್ಲ. ಮುಂದೆ ಮಿತಿ ಏರಿತು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ದುರ್ಬಲ ವರ್ಗವೆಂದರೆ ವರ್ಷಕ್ಕೆ ಮೂರು ಲಕ್ಷದವರೆಗಿನ ಆದಾಯ. ಆದರೆ ಅಷ್ಟರಲ್ಲಿ ವರ್ಷಗಳು ಉರುಳಿದ್ದವು.

ಮುಖ್ಯಮಂತ್ರಿಗಳ ಒಂದು ಲಕ್ಷ ಬಹುಮಹಡಿ ಬೆಂಗಳೂರು ವಸತಿ ಯೋಜನೆ ಎಂಬುದು ಒಂದು ಲಕ್ಷ ಮನೆಯ ಈ ಯೋಜನೆಯ ಪೂರ್ತಿ ಹೆಸರು. ಜಾರಿಯ ಹೊಣೆ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ್ದು. ಹಳ್ಳಿಗಳಲ್ಲಿ ಆಶ್ರಯ ಮನೆ, ಬಸವ ವಸತಿ ಮನೆಗಳ ಲೆಕ್ಕ ಇಡುತ್ತಾ ಬಂದ ಸಂಸ್ಥೆಯ ಕೈಗೆ ದೇಶದ ಅತಿ ದುಬಾರಿ ನಗರಗಳಲ್ಲೊಂದರ ಬಹುಮಹಡಿ ಕಟ್ಟಡಗಳನ್ನು ಕೊಡಲಾಯಿತು. ಮೊದಲು ನೆಲಮಹಡಿಯ ಮೇಲೆ ಮೂರು ಮಹಡಿ ಎಂದರು. ಸಿಕ್ಕ ನೆಲ ಸಾಲದೆ ಹದಿನಾಲ್ಕು ಮಹಡಿಯ ಮಾತು ಬಂತು. ನಕ್ಷೆ ಬದಲಾದಂತೆಲ್ಲ ಟೆಂಡರ್ ಬದಲಾಯಿತು, ಅಂದಾಜು ವೆಚ್ಚ ಬದಲಾಯಿತು, ಸರ್ಕಾರಗಳೂ ಬದಲಾದವು. ಸುಮಾರು ಅರ್ಧದಷ್ಟು ಮನೆಗಳಿಗೆ ಮಾತ್ರ ಕೆಲಸ ಹಿಡಿಯಲಾಯಿತು. 2024ರ ಹೊತ್ತಿಗೂ ಜನರ ಕೈಗೆ ಬೀಗದ ಕೈ ಸೇರಿದ್ದು ಅದಕ್ಕಿಂತ ಎಷ್ಟೋ ಕಡಿಮೆ.

ಇದಕ್ಕೆ ಸಮಾಂತರವಾಗಿ ಇನ್ನೊಂದು ದಾರಿಯಲ್ಲಿ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ, ಅಂದರೆ ಜನರ ಬಾಯಲ್ಲಿನ ಸ್ಲಂ ಬೋರ್ಡ್, ಆವಾಸ್ ಯೋಜನೆಯಡಿ ಮನೆ ಕಟ್ಟುತ್ತಿದೆ. 2015ರಿಂದ ರಾಜ್ಯದಾದ್ಯಂತ ಈ ಮಂಡಳಿಗೆ ಮಂಜೂರಾದವು ಸುಮಾರು 1.8 ಲಕ್ಷ ಮನೆ. 2024ರ ಮಾರ್ಚಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಂಗಳೂರಿನ ಕೆ.ಆರ್. ಪುರದ ಸಮಾರಂಭದಲ್ಲಿ ಹಂಚಿದ್ದು ಸುಮಾರು 37 ಸಾವಿರ. ಒಂಬತ್ತು ವರ್ಷದ ಕೊನೆಗೆ ಅಷ್ಟು ಮನೆಗಳು ಒಟ್ಟಿಗೆ ಕೈಸೇರುವುದಕ್ಕೂ ಒಂದು ಕಾರಣವಿತ್ತು, ಮತ್ತು ಅದು ಸಿಮೆಂಟಿಗೋ ಕಬ್ಬಿಣಕ್ಕೋ ಸಂಬಂಧಿಸಿದ್ದಲ್ಲ. ಏಳೂವರೆ ಲಕ್ಷದ ಆಸುಪಾಸಿನ ಒಂದು ಮನೆಗೆ ಕೇಂದ್ರ ಕೊಡುವುದು ಒಂದೂವರೆ ಲಕ್ಷ. ರಾಜ್ಯ ಕೊಡುವುದು ಫಲಾನುಭವಿಯ ವರ್ಗಕ್ಕೆ ತಕ್ಕಂತೆ ಒಂದರಿಂದ ಎರಡು ಲಕ್ಷ. ಉಳಿದ ನಾಲ್ಕು ಲಕ್ಷಕ್ಕೂ ಮಿಕ್ಕಿದ ಹಣವನ್ನು ಕೊಳಗೇರಿಯ ಕುಟುಂಬವೇ ತರಬೇಕಿತ್ತು. ನಾಲ್ಕು ಲಕ್ಷವನ್ನು ಶೇ 9ರ ಬಡ್ಡಿಗೆ ಇಪ್ಪತ್ತು ವರ್ಷಕ್ಕೆ ಸಾಲ ತೆಗೆದರೆ ತಿಂಗಳಿಗೆ 3,600 ರೂಪಾಯಿ ಕಂತು. ದೊಡ್ಡ ಮೊತ್ತವಲ್ಲ ಎಂದು ಕಚೇರಿಯಲ್ಲಿ ಕುಳಿತವರಿಗೆ ಅನ್ನಿಸಬಹುದು. ಆದರೆ ಸಂಬಳದ ಚೀಟಿ ಇಲ್ಲದ, ಆದಾಯ ತೆರಿಗೆ ವಿವರ ಸಲ್ಲಿಸದ, ಅಡವಿಡಲು ಏನೂ ಇಲ್ಲದ ಹಮಾಲಿಗೆ ಯಾವ ಬ್ಯಾಂಕ್ ಇಪ್ಪತ್ತು ವರ್ಷದ ಸಾಲ ಕೊಡುತ್ತದೆ? ಮೇಲಾಗಿ ಹಳೆಯ ಗುಡಿಸಲು ಕಿತ್ತ ದಿನದಿಂದ ಹೊಸ ಮನೆಯ ಬಾಗಿಲು ತೆರೆಯುವ ತನಕ ಅವನು ಬೇರೆಲ್ಲೋ ಬಾಡಿಗೆಯನ್ನೂ ಕಟ್ಟುತ್ತಿರಬೇಕು. ಫಲಾನುಭವಿಯ ವಂತಿಗೆ ಬಾರದೆ ಗುತ್ತಿಗೆದಾರನಿಗೆ ಬಿಲ್ ಪಾವತಿ ಆಗದು. ಬಿಲ್ ಆಗದೆ ಕೆಲಸ ಮುಂದುವರಿಯದು. ಕಂಬಿ ಹೊರಚಾಚಿದ ಅರೆಕಟ್ಟಡಗಳು ಊರೂರಲ್ಲಿ ಮಳೆಗೆ ನೆನೆದದ್ದು ಹೀಗೆ.

2023ರ ಡಿಸೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಗಂಟನ್ನು ಬಿಡಿಸಿತು. ಫಲಾನುಭವಿ ಒಂದು ಲಕ್ಷ ಕಟ್ಟಿದರೆ ಸಾಕು, ಉಳಿದ ಪಾಲನ್ನು ಸರ್ಕಾರವೇ ಭರಿಸುತ್ತದೆ ಎಂದಿತು. ಮಾರ್ಚಿನಲ್ಲಿ ಮನೆಗಳು ಹೊರಬಂದದ್ದು ಅದರ ಬೆನ್ನಿಗೆ. ಈ ತೀರ್ಮಾನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇದಕ್ಕೆ ಸಾವಿರಾರು ಕೋಟಿ ಬೇಕು, ಖಜಾನೆಗೆ ಹೊರೆ ಎಂಬ ಮಾತೂ ಬಂತು. ಆದರೆ ಬಡವನಿಗೆ ಮನೆ ಎಂದು ಘೋಷಿಸಿ, ಬೆಲೆಯ ಅರ್ಧಕ್ಕೂ ಹೆಚ್ಚು ಭಾಗವನ್ನು ಅವನ ತಲೆಯ ಮೇಲೇ ಹೊರಿಸಿ, ಕಟ್ಟಡ ಏಳುತ್ತಿಲ್ಲವೆಂದು ಎಂಟು ವರ್ಷ ಕಾದದ್ದಕ್ಕೂ ಬೆಲೆ ತೆತ್ತಿದ್ದೇವೆ. ಆ ಎಂಟು ವರ್ಷದ ಬಾಡಿಗೆ ಕಟ್ಟಿದವರು ಯಾರು?

ಬಡತನದ ಅಳತೆಗೋಲು ಒಂದೊಂದು ಇಲಾಖೆಯಲ್ಲಿ ಒಂದೊಂದು. 2019ರ ಏಪ್ರಿಲ್‌ನಿಂದ ಜಿಎಸ್‌ಟಿ ಲೆಕ್ಕದಲ್ಲಿ ಬೆಂಗಳೂರಿನಂಥ ಮಹಾನಗರದಲ್ಲಿ 60 ಚದರ ಮೀಟರ್ ಒಳಗಿನ, 45 ಲಕ್ಷ ರೂಪಾಯಿ ಮೀರದ ಫ್ಲ್ಯಾಟ್ 'ಕೈಗೆಟುಕುವ ಮನೆ'. ಅದಕ್ಕೆ ತೆರಿಗೆ ಶೇ 1 ಮಾತ್ರ. ಒಂಬತ್ತು ಲಕ್ಷ ಕೈಯಿಂದ ಹಾಕಿ ಉಳಿದ 36 ಲಕ್ಷಕ್ಕೆ ಅದೇ ಶೇ 9ರ ಬಡ್ಡಿಗೆ ಇಪ್ಪತ್ತು ವರ್ಷದ ಸಾಲ ತೆಗೆದರೆ ತಿಂಗಳ ಕಂತು 32 ಸಾವಿರ ದಾಟುತ್ತದೆ. ಆವಾಸ್ ಯೋಜನೆಯ ದುರ್ಬಲ ವರ್ಗದ ಕುಟುಂಬದ ಇಡೀ ತಿಂಗಳ ಆದಾಯವೇ ಹೆಚ್ಚೆಂದರೆ 25 ಸಾವಿರ. ಖಾಸಗಿ ಬಿಲ್ಡರುಗಳು ಕಟ್ಟುವ 'ಕೈಗೆಟುಕುವ' ಫ್ಲ್ಯಾಟುಗಳನ್ನು ನಗರದ ಸಾಧನೆಯ ಪಟ್ಟಿಗೆ ಸೇರಿಸುವಾಗ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ದೇಶದ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಇದೆ ಎಂದು 2012ರಲ್ಲಿ ಅಮಿತಾಭ್ ಕುಂಡು ನೇತೃತ್ವದ ತಾಂತ್ರಿಕ ತಂಡ ಅಂದಾಜು ಮಾಡಿತ್ತು. ಅದರಲ್ಲಿ ಶೇ 95ಕ್ಕೂ ಹೆಚ್ಚು ಪಾಲು ದುರ್ಬಲ ವರ್ಗ ಮತ್ತು ಕಡಿಮೆ ಆದಾಯದವರದು. ಅದೇ ಸುಮಾರಿಗೆ, 2011ರ ಜನಗಣತಿಯಲ್ಲಿ ನಗರ ಭಾರತದ 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಕೊರತೆ ಎಂದು ಎಣಿಸಿದ ಕುಟುಂಬಗಳಲ್ಲಿ ಸೂರೇ ಇಲ್ಲದವರು ತೀರಾ ಕಡಿಮೆ, ಐದು ಲಕ್ಷದ ಚಿಲ್ಲರೆ. ಶೇ 80ರಷ್ಟು ಜನ ಇಕ್ಕಟ್ಟಿನಲ್ಲಿ ಬದುಕುವವರು: ಮದುವೆಯಾದ ಮಗನೂ ಸೊಸೆಯೂ ಅಪ್ಪ ಅಮ್ಮನೊಡನೆ ಒಂದೇ ಕೋಣೆಯಲ್ಲಿ ಸೀರೆಯೊಂದನ್ನು ಅಡ್ಡ ಕಟ್ಟಿಕೊಂಡು ಮಲಗುವ ಸಂಸಾರಗಳು.

ಇಕ್ಕಟ್ಟಿಗೆ ಜನ ಯಾಕೆ ಒಗ್ಗಿಕೊಳ್ಳುತ್ತಾರೆ? ಕೆಲಸ ಅಲ್ಲಿದೆ ಎಂಬ ಒಂದೇ ಕಾರಣಕ್ಕೆ. ಬೆಂಗಳೂರಿನ ವಸತಿ ಇತಿಹಾಸದ ಉದ್ದಕ್ಕೂ ಈ ನಂಟು ಕಾಣುತ್ತದೆ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು. ಅವು ಪೇಟೆಯಿಂದ ನಡೆದು ಹೋಗುವ ದೂರದಲ್ಲಿದ್ದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಬಂದಾಗ ಕಾರ್ಖಾನೆಯ ಜೊತೆಗೇ ವಸತಿಗೃಹಗಳೂ ಎದ್ದವು. ದೂರವಾಣಿನಗರ, ಜಾಲಹಳ್ಳಿಯ ಕಾಲೊನಿಗಳಲ್ಲಿ ಬೇಲಿಗೆ ದಾಸವಾಳ, ಮನೆ ಮುಂದೆ ರಾಗಿ ಒಣಗಿಸುವಷ್ಟು ಅಂಗಳ, ಒಳಗೇ ಶಾಲೆ, ಆಸ್ಪತ್ರೆ, ಆಟದ ಬಯಲು. ಫಿಟ್ಟರನ ಮಗ ಎಂಜಿನಿಯರ್ ಆದದ್ದು ಆ ಅಂಗಳಗಳಲ್ಲಿ ಓದಿ. ಒಂದು ಲಕ್ಷದ ಗುರಿ, ಫಲಕ, ಶಂಕುಸ್ಥಾಪನೆ ಯಾವುದೂ ಇಲ್ಲದೆ ಬೆಂಗಳೂರು ಸಾಧಿಸಿದ ನಿಜವಾದ ಅಗ್ಗದ ವಸತಿ ಅದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆಮೇಲೆ ಬಂದ ಉದ್ಯಮಗಳು ಆ ಹೊಣೆಯನ್ನು ಹೊರಲಿಲ್ಲ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ. ಅವರಿಗೆ ಕಂಪನಿ ಕೊಟ್ಟ ಮನೆ ಎಂಬುದಿಲ್ಲ. ಅವರಿಗೆ ಸೂರು ಕೊಟ್ಟದ್ದು ಲಗ್ಗೆರೆ, ಹೆಗ್ಗನಹಳ್ಳಿಯಂಥ ಊರುಗಳ ವಠಾರಗಳು. ರಾಗಿ ಹೊಲವಿದ್ದ ಜಾಗದಲ್ಲಿ ಕಂದಾಯ ನಿವೇಶನ ಮಾಡಿ, ಇಪ್ಪತ್ತು ಮೂವತ್ತರ ಸೈಟಿನಲ್ಲಿ ಸಾಲಾಗಿ ಕೋಣೆ ಎಬ್ಬಿಸಿ, ಮೇಲೆ ಸಿಮೆಂಟ್ ಶೀಟು ಹೊದಿಸಿದ ಮನೆಗಳು. ಐದಾರು ಸಂಸಾರಕ್ಕೆ ಒಂದು ಬಚ್ಚಲು, ಒಂದು ಕಕ್ಕಸು, ಎರಡು ದಿನಕ್ಕೊಮ್ಮೆ ಬರುವ ನೀರು. ಹತ್ತು ತಿಂಗಳ ಅಡ್ವಾನ್ಸು, ಇಲ್ಲವೇ ಭೋಗ್ಯಕ್ಕೆ ಲಕ್ಷಗಳು. ನಕ್ಷೆ ಮಂಜೂರಾತಿ ಇಲ್ಲ, ಬಿ ಖಾತಾ. ನಗರ ಯೋಜನೆಯ ಕಣ್ಣಲ್ಲಿ ಇವೆಲ್ಲ ಅಕ್ರಮ. ಆದರೂ ಈ ನಗರದ ದುಡಿಯುವ ಜನರಲ್ಲಿ ಬಹುಪಾಲು ಮಂದಿಗೆ ಸೂರಾಗಿರುವುದು ಇವೇ; ಸರ್ಕಾರದ ಎಲ್ಲ ಯೋಜನೆಗಳು ಕೂಡಿ ಕಟ್ಟಿದ್ದಕ್ಕಿಂತ ಇವು ಎಷ್ಟೋ ಪಾಲು ಹೆಚ್ಚು. ಇವುಗಳನ್ನು ಅಕ್ರಮ–ಸಕ್ರಮದ ತಕರಾರಾಗಿ ನೋಡಿದೆವೇ ಹೊರತು ವಸತಿಯ ಆಸ್ತಿಯಾಗಿ ನೋಡಲಿಲ್ಲ. ಶೀಟಿನ ಮನೆಗೆ ಆರ್‌ಸಿಸಿ ಮಾಡು, ಎರಡು ಸಂಸಾರಕ್ಕೊಂದು ಕಕ್ಕಸು, ಅಧಿಕೃತ ಕಾವೇರಿ ನಲ್ಲಿ: ಇಷ್ಟಕ್ಕೆ ವಠಾರದ ಮಾಲೀಕನಿಗೆ ಅಗ್ಗದ ಸಾಲ ಕೊಟ್ಟು, ಬದಲಿಗೆ ಕೆಲವು ವರ್ಷ ಬಾಡಿಗೆ ಏರಿಸದಂತೆ ಕರಾರು ಮಾಡಿಕೊಂಡಿದ್ದರೆ ಎಷ್ಟು ಮನೆಗಳು ಸುಧಾರಿಸುತ್ತಿದ್ದವು!

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಮಾತಿಗೆ ಬಂದರೆ, 1945ರ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ (ಸಿಐಟಿಬಿ) ಕಾಲದಿಂದ 1976ರಲ್ಲಿ ಬಿಡಿಎ ಆದ ಮೇಲೂ ಅದು ಮುಖ್ಯವಾಗಿ ಮಾಡಿದ ಕೆಲಸ ನಿವೇಶನ ಹಂಚಿಕೆ. ಸೈಟು ಸಿಕ್ಕರೂ ಮನೆ ಕಟ್ಟಲು ಮತ್ತೆ ದುಡ್ಡು ಬೇಕು, ಹಾಗಾಗಿ ಬಿಡಿಎಯ ಸಾಲಿನಲ್ಲಿ ನಿಂತವರು ಬಹುತೇಕ ಮಧ್ಯಮ ವರ್ಗದವರು. 2008ರಲ್ಲಿ ಅಧಿಸೂಚನೆಯಾದ ಶಿವರಾಮ ಕಾರಂತ ಬಡಾವಣೆಯ ಮೂರೂವರೆ ಸಾವಿರ ಎಕರೆ ಹತ್ತು ವರ್ಷ ವ್ಯಾಜ್ಯದಲ್ಲಿ ಸಿಕ್ಕಿ, 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮತ್ತೆ ಚಾಲನೆಗೊಂಡಿತು. ಬಿಡಿಎ ಫ್ಲ್ಯಾಟುಗಳನ್ನೂ ಕಟ್ಟಿತು. ಮೈಸೂರು ರಸ್ತೆಯಾಚೆ ಕಣಿಮಿಣಿಕೆಯಲ್ಲಿ ಕಟ್ಟಿದವು ವರ್ಷಗಟ್ಟಲೆ ಮಾರಾಟವಾಗದೆ ಉಳಿದವು. ಮನೆಗಾಗಿ ಕಾದ ಊರಿನಲ್ಲಿ ಸರ್ಕಾರಿ ಮನೆಗಳಿಗೆ ಗಿರಾಕಿ ಇಲ್ಲದ ಸ್ಥಿತಿ!

ಒಂದು ಲಕ್ಷ ಮನೆಯ ಯೋಜನೆಗೆ ಸಿಕ್ಕ ನೆಲವೂ ಊರಾಚೆಯದ್ದೇ. ಬೆಂಗಳೂರು ಉತ್ತರ, ದಕ್ಷಿಣ, ಪೂರ್ವ, ಯಲಹಂಕ, ಆನೇಕಲ್ ತಾಲ್ಲೂಕುಗಳ ಅಂಚಿನಲ್ಲಿ ಉಳಿದಿದ್ದ ಸರ್ಕಾರಿ ಜಮೀನು. ಊರ ದನ ಮೇಯುತ್ತಿದ್ದ ಗೋಮಾಳ, ಕಲ್ಲು ತೆಗೆದು ಬಿಟ್ಟ ಗುಂಡಿ, ಒತ್ತುವರಿಯಾಗಿ ಕೋರ್ಟ್ ಮೆಟ್ಟಿಲೇರಿದ ಸರ್ವೆ ನಂಬರ್. ಒಳ್ಳೆಯ ಜಾಗವೆಲ್ಲ ಬೇರೆ ಕೆಲಸಗಳಿಗೆ ಹೋದ ಮೇಲೆ ಉಳಿದದ್ದು ಬಡವರ ಮನೆಗೆ. ನೆಲ ಪುಕ್ಕಟೆ ಸಿಕ್ಕಿತು ಎಂದು ಕಡತದಲ್ಲಿ ಬರೆಯುತ್ತಾರೆ. ಆ ನೆಲಕ್ಕೆ ರಸ್ತೆ, ನೀರು, ಚರಂಡಿ, ಬಸ್ಸು ಒಯ್ಯುವ ಖರ್ಚು ಆ ಕಡತದಲ್ಲಿ ಇರುವುದಿಲ್ಲ. ಅಲ್ಲಿಗೆ ಹೋಗಿ ಬರುವ ಖರ್ಚಂತೂ ಯಾವ ಕಡತದಲ್ಲೂ ಇರುವುದಿಲ್ಲ.

ದೂರ ಏನು ಮಾಡುತ್ತದೆ ಎಂಬುದಕ್ಕೆ ಈಜಿಪುರದಷ್ಟು ನೋವಿನ ಉದಾಹರಣೆ ಬೆಂಗಳೂರಿನಲ್ಲಿ ಇನ್ನೊಂದಿಲ್ಲ. ಕೋರಮಂಗಲಕ್ಕೆ ಅಂಟಿಕೊಂಡ ಈ ಜಾಗದಲ್ಲಿ ಪಾಲಿಕೆ ಸುಮಾರು ಹದಿನೈದು ಎಕರೆಯಲ್ಲಿ ಬಡವರಿಗಾಗಿ ಒಂದೂವರೆ ಸಾವಿರದಷ್ಟು ಪುಟ್ಟ ಮನೆಗಳನ್ನು ಕಟ್ಟಿತ್ತು. ಪೌರಕಾರ್ಮಿಕರು, ಮನೆಗೆಲಸದವರು, ಆಟೊ ಚಾಲಕರು ಅಲ್ಲಿದ್ದರು. ಕಳಪೆ ಕಟ್ಟಡ ಕೆಲವೇ ವರ್ಷಕ್ಕೆ ಬಿರುಕು ಬಿಟ್ಟಿತು, 2007ರಲ್ಲಿ ಒಂದು ಬ್ಲಾಕ್ ಕುಸಿಯಿತು. ಪಕ್ಕದಲ್ಲೇ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕರ್ನಾಟಕ ಗೃಹ ಮಂಡಳಿ ಕಟ್ಟಿದ ಬಹುಮಹಡಿ ಕಟ್ಟಡಗಳು ಇಂದಿಗೂ ನಿಂತಿವೆ. ಗಟ್ಟಿ ಮನೆ ಕಟ್ಟುವುದು ಸರ್ಕಾರಿ ಸಂಸ್ಥೆಗಳಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಮನೆ ಕಳೆದುಕೊಂಡವರು ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಬದುಕಿದರು. ಅರ್ಧ ಜಾಗದಲ್ಲಿ ಅವರಿಗೆ ಮನೆ, ಉಳಿದರ್ಧದಲ್ಲಿ ವಾಣಿಜ್ಯ ಸಂಕೀರ್ಣ ಎಂಬ ಒಪ್ಪಂದ ಖಾಸಗಿ ಸಂಸ್ಥೆಯೊಂದರ ಜೊತೆ ಆಯಿತು. 2013ರ ಜನವರಿಯ ಚಳಿಯಲ್ಲಿ ಬುಲ್ಡೋಜರ್ ಬಂದು ಶೆಡ್ಡುಗಳನ್ನೆಲ್ಲ ನೆಲಸಮ ಮಾಡಿತು. ಸಾವಿರಾರು ಜನ ಪಾತ್ರೆ ಪಗಡೆ, ಮಕ್ಕಳ ಪುಸ್ತಕದ ಚೀಲಗಳೊಡನೆ ಫುಟ್‌ಪಾತಿನಲ್ಲಿ ಕುಳಿತರು. ಪರ್ಯಾಯ ಎಂದು ತೋರಿಸಿದ್ದು ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆ.

ಈಜಿಪುರದಲ್ಲಿ ಇನ್ನೊಂದು ಸೂಕ್ಷ್ಮವೂ ಇತ್ತು. ಮೂಲತಃ ಮನೆ ಮಂಜೂರಾದವರ ಹೆಸರು ಪಟ್ಟಿಯಲ್ಲಿತ್ತು. ಅವರಿಂದ ಬಾಡಿಗೆಗೋ ಭೋಗ್ಯಕ್ಕೋ ಪಡೆದು ವರ್ಷಾನುಗಟ್ಟಲೆ ಇದ್ದವರು ಎಲ್ಲಿಯವರೂ ಅಲ್ಲದಂತಾದರು. ಕೊಳಗೇರಿ ಪುನರ್ವಸತಿಯ ಪ್ರತಿ ಸಮೀಕ್ಷೆಯಲ್ಲೂ ಇದು ನಡೆಯುತ್ತದೆ. ಹಕ್ಕುಪತ್ರ, ಗುರುತಿನ ಚೀಟಿ, ಹಳೆಯ ರಸೀದಿ ಇದ್ದವನಿಗೆ ಮನೆ. ಅವನ ಬಾಡಿಗೆದಾರ ಮುಂದಿನ ಕೊಳಗೇರಿಯನ್ನು ಹುಡುಕಿಕೊಂಡು ಹೋಗಬೇಕು. 1973ರ ಕಾಯ್ದೆಯ ಪ್ರಕಾರ ಘೋಷಣೆಯಾಗದ ಕೊಳಗೇರಿಗಳಂತೂ ಪಟ್ಟಿಯ ಹೊರಗೇ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದು, ಎದ್ದು ನಿಲ್ಲುತ್ತಿರುವ ಅಪಾರ್ಟ್‌ಮೆಂಟುಗಳ ಪಕ್ಕದ ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡವರನ್ನು ಯಾವ ಗುರಿಯೂ ಎಣಿಸಿಲ್ಲ. ಆ ನೆಲಕ್ಕೂ ಅವರು ಬಾಡಿಗೆ ಕೊಡುತ್ತಾರೆ.

ಮನೆ ಸಿಕ್ಕವರ ಸ್ಥಿತಿಯನ್ನೂ ನೋಡಬೇಕು. ಊರಂಚಿನ ಸ್ಲಂ ಬೋರ್ಡ್ ಬ್ಲಾಕೊಂದಕ್ಕೆ ಸಂಜೆ ಹೊತ್ತಿನಲ್ಲಿ ಹೋದರೆ ಮೊದಲು ಕಣ್ಣಿಗೆ ಬೀಳುವುದು ನೆಲಮಹಡಿಯ ಕಿಟಕಿಗಳು. ಸರಳಿನ ಮುಂದೆ ಹಲಗೆ ಚಾಚಿ, ಬಿಸ್ಕತ್ತಿನ ಭರಣಿ, ಶಾಂಪೂ ಚೀಟಿಗಳ ಸರ ತೂಗುಬಿಟ್ಟು ಚಿಲ್ಲರೆ ಅಂಗಡಿ ಮಾಡಿಕೊಂಡಿರುತ್ತಾರೆ. ವಿದ್ಯುತ್ ಕಂಬಕ್ಕೆ ಸರಪಳಿ ಹಾಕಿ ಬೀಗ ಜಡಿದ ತಳ್ಳುಗಾಡಿಗಳು; ಮೂರನೇ ಮಹಡಿಗೆ ಮನೆ ಸಿಕ್ಕ ಸೊಪ್ಪಿನವನು ಗಾಡಿಯನ್ನು ಇನ್ನೆಲ್ಲಿ ಇಡಬೇಕು? ಮೆಟ್ಟಿಲ ತಿರುವಿನಲ್ಲಿ ನೀರಿನ ನೀಲಿ ಡ್ರಮ್ಮುಗಳು, ಯಾಕೆಂದರೆ ಮೋಟರು ಕೆಟ್ಟು ಸಂಪಿನ ನೀರು ಮೇಲೇರುತ್ತಿಲ್ಲ. ರಿಪೇರಿಗೆ ಪ್ರತಿ ಮನೆಯಿಂದ ಇನ್ನೂರು ರೂಪಾಯಿ ಎತ್ತಬೇಕು, ಎತ್ತುವವರಾರು ಎಂಬ ಜಗಳ. ಅಂಥ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸನ್ನು "ಮನೆ ಹೆಂಗಿದೆ ಅಕ್ಕ?" ಎಂದು ಕೇಳಿದೆ. "ಮನೆಗೇನಣ್ಣ, ಚೆನ್ನಾಗೇ ಐತೆ. ಮಳೆ ಬಂದ್ರೆ ಸೋರಲ್ಲ, ಹೆಣ್ಮಕ್ಳಿಗೆ ಒಳಗೇ ಬಚ್ಚಲು. ಆದ್ರೆ ಬೆಳಗ್ಗೆ ಐದಕ್ಕೆ ಮನೆ ಬಿಡ್ಬೇಕು ನೋಡಿ. ಮೊದ್ಲು ನಡ್ಕೊಂಡು ಹೋಗ್ತಿದ್ದೆ. ಈಗ ಮಗೂನ ಇಸ್ಕೂಲಿಗೆ ಯಾರು ರೆಡಿ ಮಾಡ್ತಾರೆ?" ನಾಲ್ಕು ಮನೆ ಕೆಲಸದಲ್ಲಿ ಎರಡನ್ನು ಬಿಟ್ಟೆ ಎಂದರು. ಮನೆ ಸಿಕ್ಕಿತು, ಅರ್ಧ ಸಂಬಳ ಹೋಯಿತು.

ಈ ಲೆಕ್ಕದಲ್ಲಿ ನೋಡಿದರೆ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ವಸತಿ ಇಲಾಖೆಯ ಕೆಲಸವನ್ನೂ ಒಂದಿಷ್ಟು ಮಾಡಿದೆ. ಊರಂಚಿನ ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚು ಇಲ್ಲವಾಯಿತು. ಅಷ್ಟರಮಟ್ಟಿಗೆ ದೂರದ ಮನೆ ಅಗ್ಗವಾಯಿತು. ಗಂಡಸರಿಗೆ ಆ ಅನುಕೂಲ ಇಲ್ಲ, ಮತ್ತು ಬಸ್ಸಿನಲ್ಲಿ ಕಳೆಯುವ ಮೂರು ಗಂಟೆಯನ್ನು ಯಾವ ಯೋಜನೆಯೂ ಮರಳಿ ಕೊಡದು. ಹೊಸ ಬ್ಲಾಕ್ ಉದ್ಘಾಟನೆಯ ದಿನವೇ ಅದರ ಬಾಗಿಲಿನಿಂದ ಬೆಳಗಿನ ಐದೂವರೆಗೆ ಹೊರಡುವ ಬಸ್ಸೂ ಉದ್ಘಾಟನೆ ಆಗಬೇಕೆಂಬ ನಿಯಮ ಮಾಡಿದರೆ ತಪ್ಪೇನು?

ಇನ್ನು ಬಾಡಿಗೆಯ ಮಾತು. 2011ರಲ್ಲಿ ನಗರ ಭಾರತದ ಶೇ 27.5ರಷ್ಟು ಕುಟುಂಬಗಳು ಬಾಡಿಗೆ ಮನೆಯಲ್ಲಿದ್ದವು. ವಲಸೆಯಿಂದಲೇ ಬೆಳೆದ ಬೆಂಗಳೂರಿನಲ್ಲಿ ಈ ಪ್ರಮಾಣ ಅದಕ್ಕಿಂತ ಬಹಳ ಹೆಚ್ಚು. ಆದರೂ ನಮ್ಮ ವಸತಿ ಗುರಿಗಳೆಲ್ಲ ಸ್ವಂತ ಮನೆಯ ಲೆಕ್ಕದಲ್ಲೇ ಇವೆ. ದೇವರಾ‌ಜ ಅರಸು ಕಾಲದ ಜನತಾ ಮನೆಯಿಂದ ಇಂದಿನ ಆವಾಸ್‌ವರೆಗೆ ಬಡವ ಎಂದರೆ ಹಕ್ಕುಪತ್ರ ಹಿಡಿದು ಫೋಟೊಗೆ ನಿಲ್ಲುವವನು. ಸ್ವಂತ ಸೂರಿನ ಆಸೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆ ಕಾಗದದ ಬಲ ಏನೆಂಬುದು ಒಕ್ಕಲೆಬ್ಬಿಸಿಕೊಂಡವರಿಗೇ ಗೊತ್ತು. ಆದರೆ ಊರಲ್ಲಿ ತುಂಡು ಜಮೀನು ಇಟ್ಟುಕೊಂಡು, ವರ್ಷದಲ್ಲಿ ಎಂಟು ತಿಂಗಳು ಇಲ್ಲಿ ದುಡಿಯುವ ಕಟ್ಟಡ ಕಾರ್ಮಿಕನಿಗೆ, ಮದುವೆಗೆ ಮುಂಚೆ ನಾಲ್ಕು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದು ಕೂಡಿಡಬೇಕೆನ್ನುವ ಹುಡುಗಿಗೆ ಬೇಕಾದದ್ದು ಕೆಲಸದ ಹತ್ತಿರ, ಸಂಬಳದ ಕಾಲು ಭಾಗಕ್ಕೆ ಸಿಗುವ, ಭದ್ರವಾದ ಬಾಡಿಗೆ ಕೋಣೆ. 2020ರ ಲಾಕ್‌ಡೌನಿನಲ್ಲಿ ಜನ ನಡೆದೇ ಊರು ಸೇರಿದ ಮೇಲೆ ಕೇಂದ್ರ ಸರ್ಕಾರಕ್ಕೆ ಇದು ಹೊಳೆಯಿತು. ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಸುಮಾರು 83 ಸಾವಿರ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವ ಯೋಜನೆ ಬಂತು. ಮೊದಲ ವರ್ಷಗಳಲ್ಲಿ ಹಾಗೆ ಬಾಡಿಗೆಗೆ ಹೋದವು ದೇಶದಲ್ಲೆಲ್ಲ ಸೇರಿ ಐದೂವರೆ ಸಾವಿರದಷ್ಟು. ಖಾಲಿ ಯಾಕಿದ್ದವೋ ಬಾಡಿಗೆಗೂ ಅದೇ ಕಾರಣಕ್ಕೆ ಹೋಗಲಿಲ್ಲ.

ಬಾಡಿಗೆಯನ್ನೇ ನಂಬಿ ಗುರಿ ಮುಟ್ಟಿದ ನಗರ ವಿಯೆನ್ನಾ. ಮೊದಲ ಮಹಾಯುದ್ಧ ಮುಗಿದಾಗ ಅಲ್ಲಿನ ಕಾರ್ಮಿಕರ ಪಾಡು ನಮ್ಮ ವಠಾರಕ್ಕಿಂತ ಕೆಟ್ಟದಾಗಿತ್ತು. ಕೋಣೆಯಲ್ಲ, ಹಾಸಿಗೆಯನ್ನೇ ಪಾಳಿಯ ಮೇಲೆ ಬಾಡಿಗೆಗೆ ಕೊಡುತ್ತಿದ್ದರು. ಕ್ಷಯಕ್ಕೆ 'ವಿಯೆನ್ನಾ ಕಾಯಿಲೆ' ಎಂದೇ ಹೆಸರಿತ್ತು. 1919ರಲ್ಲಿ ಅಧಿಕಾರಕ್ಕೆ ಬಂದ ಸೋಷಿಯಲ್ ಡೆಮಾಕ್ರಟರ ಪಾಲಿಕೆಯಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೊ ಬ್ರೈಟ್ನರ್ 1923ರಲ್ಲಿ ವಸತಿ ತೆರಿಗೆ ತಂದರು. ಚಿಕ್ಕ ಮನೆಗೆ ಹೆಸರಿಗಷ್ಟೇ ತೆರಿಗೆ, ಬಂಗಲೆಗೆ ಭಾರೀ ತೆರಿಗೆ. ಅತಿ ದುಬಾರಿಯಾದ ಶೇ 0.5 ಕಟ್ಟಡಗಳಿಂದಲೇ ಒಟ್ಟು ವಸೂಲಿಯ ಹತ್ತಿರ ಹತ್ತಿರ ಅರ್ಧದಷ್ಟು ಬಂತು. ಐದು ವರ್ಷದಲ್ಲಿ 25 ಸಾವಿರ ಮನೆ ಎಂಬುದು ಗುರಿ. ಅವಧಿಗೆ ಮುಂಚೆಯೇ ಮುಟ್ಟಿದರು. 1934ರಲ್ಲಿ ಆ ಆಡಳಿತವನ್ನು ಉರುಳಿಸುವ ಹೊತ್ತಿಗೆ 60 ಸಾವಿರ ದಾಟಿತ್ತು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಒಂದು ಕಿಲೊಮೀಟರಿಗೂ ಉದ್ದದ ಕಟ್ಟಡ, 1,382 ಮನೆ; ಜಾಗದ ಐದರಲ್ಲೊಂದು ಪಾಲಿಗೂ ಕಡಿಮೆ ಭಾಗದಲ್ಲಿ ಕಟ್ಟಡ, ಉಳಿದದ್ದೆಲ್ಲ ಅಂಗಳ, ತೋಟ, ಬಟ್ಟೆ ಒಗೆಯುವ ಮನೆ, ಶಿಶುವಿಹಾರ. ಇವತ್ತು ಪಾಲಿಕೆಯ ಕೈಯಲ್ಲಿ ಸುಮಾರು 2.2 ಲಕ್ಷ ಬಾಡಿಗೆ ಮನೆಗಳಿವೆ, ಮಾರಿಲ್ಲ. ನೆಲ ಕೊಂಡಿಡಲೆಂದೇ 1984ರಲ್ಲಿ ಒಂದು ನಿಧಿ ಸ್ಥಾಪಿಸಿದರು. 2019ರಿಂದ, ದೊಡ್ಡ ಜಾಗವೊಂದನ್ನು ವಸತಿಗೆಂದು ಬದಲಾಯಿಸಿಕೊಟ್ಟರೆ ಅಲ್ಲಿನ ಮನೆಗಳಲ್ಲಿ ಮೂರನೇ ಎರಡು ಪಾಲು ಸಹಾಯಧನದ ಬಾಡಿಗೆ ಮನೆ ಆಗಿರಬೇಕು.

ವಿಯೆನ್ನಾದ ಶ್ರೀಮಂತಿಕೆ ಬೇರೆ, ಜನಸಂಖ್ಯೆ ಬೇರೆ. ಅಲ್ಲಿಯದನ್ನು ಎತ್ತಿ ತಂದು ಇಲ್ಲಿ ಇಡಲಾಗದು. ನಾವು ನೋಡಬೇಕಾದ್ದು ಅವರು ಯಾವುದನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು. ಊರ ಒಳಗಿನ ನೆಲವನ್ನು ಬಿಟ್ಟುಕೊಡಲಿಲ್ಲ. ಬೆಂಗಳೂರಿನಲ್ಲಿ ಅಂಥ ನೆಲವಿತ್ತು. ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಮಾಲ್, ಅಪಾರ್ಟ್‌ಮೆಂಟ್. ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣದ ಬಳಿ ಮುಚ್ಚಿದ ಎನ್‌ಜಿಇಎಫ್ ಕಾರ್ಖಾನೆಯ ಹತ್ತಾರು ಎಕರೆ ಇನ್ನೂ ಸರ್ಕಾರದ ಬಳಿ ಇದೆ. ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯಿದೆ. ಆ ಮರಗಳು ಉಳಿಯಲೇಬೇಕು. ಅದರ ಅಂಚಿನ ನಾಲ್ಕೈದು ಎಕರೆಯಲ್ಲಿ ಇಂದಿರಾನಗರದ ಮನೆಗಳಲ್ಲಿ ದುಡಿಯುವ ಹೆಂಗಸರಿಗೆ ಬಾಡಿಗೆ ಮನೆಗಳೂ ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ. ಸ್ಲಂ ಬೋರ್ಡ್ ಮೂವತ್ತು ನಲವತ್ತು ವರ್ಷದ ಹಿಂದೆ ಕಟ್ಟಿದ, ಈಗ ಗಾರೆ ಉದುರುತ್ತಿರುವ ಕ್ವಾರ್ಟರ್ಸುಗಳು ನಗರದ ನಡುಮಧ್ಯದಲ್ಲೇ ಇವೆ. ಬಿಎಂಟಿಸಿ ಡಿಪೊಗಳಿವೆ, ಮಾರುಕಟ್ಟೆ ಕಟ್ಟಡಗಳಿವೆ, ಮೆಟ್ರೊ ನಿಲ್ದಾಣಗಳ ಸುತ್ತ ಸ್ವಾಧೀನ ಮಾಡಿಕೊಂಡು ಮಿಕ್ಕ ತುಂಡು ಜಾಗಗಳಿವೆ. ಇಂಥ ಕಡೆ ಇನ್ನೂರು ಮನೆ, ಅಂಥ ಕಡೆ ಐವತ್ತು ಎಂದು ಹಂಚಿ ಕಟ್ಟುವುದು ಊರಾಚೆ ಒಂದೇ ಕಡೆ ಮೂರು ಸಾವಿರ ಕಟ್ಟುವುದಕ್ಕಿಂತ ಎಂಜಿನಿಯರಿಗೆ ಕಷ್ಟದ ಕೆಲಸ, ಉದ್ಘಾಟನೆಗೂ ಅಷ್ಟು ಕಳೆಗಟ್ಟದು. ಸೊಪ್ಪಿನವನಿಗೆ, ಪೌರಕಾರ್ಮಿಕಳಿಗೆ, ಅವರ ಮಕ್ಕಳ ಶಾಲೆಗೆ ಮಾತ್ರ ಅದೇ ಸರಿ.

2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಆವಾಸ್ ಯೋಜನೆಯ ಎರಡನೇ ಆವೃತ್ತಿ ಐದು ವರ್ಷದಲ್ಲಿ ದೇಶದ ಒಂದು ಕೋಟಿ ನಗರ ಕುಟುಂಬಗಳನ್ನು ಗುರಿ ಇಟ್ಟುಕೊಂಡಿದೆ. ಈ ಸಲ ಬಾಡಿಗೆ ಮನೆಗೇ ಒಂದು ಪ್ರತ್ಯೇಕ ವಿಭಾಗವಿದೆ. ದುಡಿಯುವ ಮಹಿಳೆಯರು, ಕಾರ್ಖಾನೆ ಕಾರ್ಮಿಕರು, ವಲಸೆ ಬಂದವರು ಎಂದು ಅದರಲ್ಲಿ ಹೆಸರಿಸಿಯೇ ಹೇಳಿದೆ. ಪೀಣ್ಯದ ಹೊಲಿಗೆಯ ಹುಡುಗಿಗೂ ನೀಲಿ ಟಾರ್ಪಾಲಿನ ಸಂಸಾರಕ್ಕೂ ಸರ್ಕಾರದ ವಸತಿ ಕಡತದಲ್ಲಿ ಒಂದು ಕಾಲಂ ಸಿಕ್ಕಿದೆ. 2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ಆ ಐದೂ ಪಾಲಿಕೆಗಳು ಹೊಸ ಮನೆಗಳ ಸಂಖ್ಯೆ ಘೋಷಿಸುವ ಮುಂಚೆ ತಮ್ಮ ಎಲ್ಲೆಯೊಳಗಿನ ಸರ್ಕಾರಿ ಜಾಗಗಳ ಪಟ್ಟಿಯನ್ನು ವಾರ್ಡುವಾರು ಪ್ರಕಟಿಸಲಿ: ಯಾವ ಸರ್ವೆ ನಂಬರ್, ಯಾವ ಇಲಾಖೆಯ ಹೆಸರಿನಲ್ಲಿದೆ, ಎಷ್ಟು ಮನೆ ಹಿಡಿಸುತ್ತದೆ, ಕಾವೇರಿ ನೀರು ಬಂದಿದೆಯೇ, ಹತ್ತಿರದ ಬಸ್ ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ.